ಬಾಮೈದ ಕೂತ ಮಳಿಗೆ

ಲಿಫ್ಟ್ ರಿಪೇರಿ ಮಾಡುವವನಿಗೆ ಮೆಟ್ಟಿಲು ತಪ್ಪಿದ್ದಲ್ಲ. ಲಿಫ್ಟ್ ಕೆಟ್ಟಾಗಲೇ ಅವನನ್ನು ಕರೆಯುವುದು, ಅದರ ಯಂತ್ರ ಇರುವುದು ಕಟ್ಟಡದ ನೆತ್ತಿಯ ಮೇಲೆ. ಹೀಗೆ ಹತ್ತಿ ಹತ್ತಿ, ಇಳಿದು ಇಳಿದು ಲಿಫ್ಟಣ್ಣನ ಮಂಡಿ ನಲವತ್ತು ದಾಟುವಷ್ಟರಲ್ಲೇ ಕಟಕಟ ಎನ್ನತೊಡಗಿತ್ತು. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಲಿಫ್ಟಣ್ಣ ಎಂದೇ. ಸಿಟ್ಟು ಬಂದಾಗ ಹೆಂಡತಿಯೂ, "ಬನ್ನಿ ಲಿಫ್ಟಣ್ಣೋರೇ, ಊಟಕ್ಕೆ" ಅನ್ನುವಳು.

ಅವನಿದ್ದದ್ದು ಸಣ್ಣ ಕಂಪನಿ, ಪಿಂಚಣಿ ಇರಲಿಲ್ಲ. ಅವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ನಿವೃತ್ತನಾದಾಗ ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಕೆಲವೇ ತಿಂಗಳಲ್ಲಿ ಲಿಫ್ಟಣ್ಣ ರಿಪೇರಿಗೆ ಹೋದ ಒಂದು ದೊಡ್ಡ ಕಟ್ಟಡದ ಗೇಟು ತೆರೆಯಲು ಕುರ್ಚಿಯಿಂದ ಎದ್ದು ಬಂದ ಕಾವಲುಗಾರ ಅದೇ ಮನುಷ್ಯ. "ಏನ್ ಮಾಡೋದಪ್ಪ, ಹೊಟ್ಟೆ ರಿಟೈರ್ ಆಗಲ್ವಲ್ಲ" ಎಂದು ನಕ್ಕ. ಲಿಫ್ಟಣ್ಣನಿಗೆ ನಗು ಬರಲಿಲ್ಲ.

ಆವತ್ತೇ ಅವನು ನಿರ್ಧಾರ ಮಾಡಿದ. ಕೈಯಲ್ಲಿರುವ ದುಡ್ಡು ಕರಗುತ್ತದೆ, ಗೋಡೆ ಕರಗುವುದಿಲ್ಲ; ಒಂದು ಮಳಿಗೆ ಕೊಂಡರೆ ಅದರ ಬಾಡಿಗೆಯೇ ಪಿಂಚಣಿ. ಭಾನುವಾರದ ಕೆಲಸ, ರಜೆಯ ದಿನದ ಕೆಲಸ, ಬೇರೆಯವರು ಬೇಡವೆಂದ ಕೆಲಸ ಎಲ್ಲವನ್ನೂ ಮೈಮೇಲೆ ಹಾಕಿಕೊಂಡ. ಹೆಂಡತಿಯೂ ಬಾಗಿಲು ನೆಟ್ಟಗೆ ಮುಚ್ಚದ ಫ್ರಿಜ್ಜಿಗೆ ಹಗ್ಗ ಬಿಗಿದು ವರ್ಷಗಟ್ಟಲೆ ದೂಡಿದಳು. ಕೊನೆಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮಳಿಗೆ ಅವನದಾಯಿತು. ಬೀಗದ ಕೈ ಸಿಕ್ಕಿದ ದಿನ ಶಟರಿಗೆ ತಾನೇ ಎಣ್ಣೆ ಬಿಟ್ಟು, ಎಳೆದು, ಇಳಿಸಿ, ಮತ್ತೆ ಎಳೆದು ನೋಡಿದ.

ಅಷ್ಟರಲ್ಲಿ ಬಾಮೈದನಿಗಿದ್ದ ಕೆಲಸ ಹೋಯಿತು.

ಬಾಮೈದನೆಂದರೆ ಹೆಂಡತಿಯ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲು ಮಾತಾಡುವ ಕೂಸು. ಅಕ್ಕನೇ ಎತ್ತಿ ಸಾಕಿದ್ದಳು. "ಆರು ತಿಂಗಳು ಕೂತ್ಕೊಳ್ಳಲಿ ರೀ. ಒಂದು ದಾರಿ ಆದ್ಮೇಲೆ ಅವನೇ ಬಾಡಿಗೆ ಕೊಡ್ತಾನೆ" ಎಂದಳು. ನಿವೃತ್ತಿಗೆ ಇನ್ನೂ ಬಹಳ ವರ್ಷ ಇತ್ತು. ಲಿಫ್ಟಣ್ಣ ಹೂಂ ಅಂದ.

ಬಾಮೈದ ಬಣ್ಣದ ಮೀನಿನ ಅಂಗಡಿ ಇಟ್ಟ. ಗಾಜಿನ ತೊಟ್ಟಿಗಳು, ಗುಳುಗುಳು ಎನ್ನುವ ಪಂಪುಗಳು, ಅಂಗಡಿಯ ತುಂಬ ನೀಲಿ ಬೆಳಕು. ವೈರಿಂಗನ್ನೆಲ್ಲ ಭಾವನೇ ಪುಕ್ಕಟೆ ಮಾಡಿಕೊಟ್ಟ. ಮಾತಿನಲ್ಲಿ ಬಾಮೈದನನ್ನು ಮೀರಿಸುವವರಿರಲಿಲ್ಲ. ಬಾಡಿಗೆಯ ಮಾತೆತ್ತಲು ಲಿಫ್ಟಣ್ಣ ಹೋದರೆ, "ಬನ್ನಿ ಭಾವ, ಕೂತ್ಕೊಳ್ಳಿ, ಏ, ಭಾವನಿಗೆ ಸ್ಟ್ರಾಂಗಾಗಿ ಒಂದು ಟೀ" ಎಂದು ಕುರ್ಚಿ ಒರೆಸುವನು. ಟೀ ಮುಗಿಯುವಷ್ಟರಲ್ಲಿ, "ಈ ಪಂಪು ಯಾಕೋ ಸದ್ದು ಮಾಡ್ತಿದೆ, ಸ್ವಲ್ಪ ನೋಡಿ ಭಾವ" ಅನ್ನುವನು. ಬಾಡಿಗೆ ಕೇಳಲು ಹೋದವನು ಪಂಪು ರಿಪೇರಿ ಮಾಡಿ ಬರುತ್ತಿದ್ದ. ಹಾದಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡು, ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ.

"ಮೂಗಿಗೆ ತುಪ್ಪ ಸವರೋದ್ರಲ್ಲಿ ನಿನ್ನ ತಮ್ಮನ್ನ ಬಿಟ್ರಿಲ್ಲ!"

"ಮುಂದಿನ ತಿಂಗಳು ಕೊಡ್ತೀನಿ ಅಂದಿದ್ದಾನಲ್ಲ."

"ಯಾವ ವರ್ಷದ ಮುಂದಿನ ತಿಂಗಳು?"

ಆರು ತಿಂಗಳು ಒಂದು ವರ್ಷವಾಯಿತು, ವರ್ಷ ಹತ್ತಾಯಿತು. ಒಮ್ಮೆ ಮೀನಿಗೆ ರೋಗ, ಒಮ್ಮೆ ಕರೆಂಟು ಹೋಗಿ ಮೀನೆಲ್ಲ ಸತ್ತವು, ಒಮ್ಮೆ ರಸ್ತೆ ಅಗೆದಿದ್ದರಿಂದ ಗಿರಾಕಿಯೇ ಇಲ್ಲ. ಅರವತ್ತು ತುಂಬಿದಾಗ ಲಿಫ್ಟಣ್ಣನನ್ನೂ ಕಂಪನಿ ಹಾರ ಹಾಕಿ ಕಳಿಸಿತು. ಕೈಗೆ ಬಂದ ಅಷ್ಟಿಷ್ಟು ಗಂಟು ಎರಡು ವರ್ಷದಲ್ಲಿ ಅರ್ಧಕ್ಕಿಳಿಯಿತು. ಪಕ್ಕದ ಔಷಧಿ ಅಂಗಡಿಯವನು, "ನಿಮ್ಮ ಮಳಿಗೆ ನನಗೆ ಕೊಡಿ, ಒಳ್ಳೆ ಬಾಡಿಗೆ, ಮುಂಗಡ ಬೇರೆ" ಎಂದು ಎರಡು ಸಲ ಬಂದು ಹೋದ. ಹೆಂಡತಿಗೆ ಹೇಳಿದರೆ ಅವಳು ಪಾತ್ರೆ ತೊಳೆಯುವ ಸದ್ದು ಜೋರು ಮಾಡಿದಳು. ಲಿಫ್ಟಣ್ಣ ಹಳೆಯ ಕಂಪನಿಗೇ ಹೋಗಿ, ದಿನಗೂಲಿಗೆ ಮತ್ತೆ ಸ್ಪ್ಯಾನರ್ ಹಿಡಿದ.

ಒಂದು ಮಧ್ಯಾಹ್ನ ಹೆಂಡತಿ ಕಣ್ಣು ತೋರಿಸಲು ಡಾಕ್ಟರ ಬಳಿ ಹೋಗಿದ್ದಳು. ಆ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತ ಹತ್ತುತ್ತಿದ್ದವಳಿಗೆ ಮಹಡಿಯ ತಿರುವಿನಲ್ಲಿ ಮಂಡಿ ಹಿಡಿದು ಕೂತ ಮನುಷ್ಯ ಕಂಡ. ಪಕ್ಕದಲ್ಲಿ ಹತಾರದ ಪೆಟ್ಟಿಗೆ. ಮಗನ ವಯಸ್ಸಿನ ಒಬ್ಬ ಎದುರು ನಿಂತು, "ಆಗ್ಲಿಂದ ಕಾಯ್ತಿದೀವಿ, ಇಲ್ಲಿ ಕೂತಿದೀಯಲ್ಲಯ್ಯ! ಆಗಲ್ಲ ಅಂದ್ರೆ ಬೇರೆಯವರನ್ನ ಕಳಿಸೋಕೆ ಹೇಳು" ಎಂದು ಗದರುತ್ತಿದ್ದ. ಗಂಡ ತಲೆಯೆತ್ತದೆ, "ಆಯ್ತು ಸಾರ್" ಅಂದ.

ಅವಳು ಕಣ್ಣು ತೋರಿಸಲಿಲ್ಲ. ಗಂಡ ನೋಡುವ ಮೊದಲೇ ಇಳಿದು, ನೇರ ಮೀನಿನ ಅಂಗಡಿಗೆ ಹೋದಳು.

"ಮಳಿಗೆ ಖಾಲಿ ಮಾಡು."

ತಮ್ಮ ತಬ್ಬಿಬ್ಬಾದ. "ಅಕ್ಕಾ, ಭಾವ ಏನಾದ್ರೂ ಅಂದ್ರಾ?"

"ನಿನಗೆ ಏನೂ ಅಂದಿಲ್ಲವಲ್ಲ, ಅದೇ ತಪ್ಪಾಗಿದ್ದು."

"ಇಷ್ಟು ಮೀನು ಎಲ್ಲಿಗೆ ಒಯ್ಯಲಿ?"

"ನೀರಿರೋ ಕಡೆಗೆ ಒಯ್ಯಿ."

ತಿಂಗಳೊಳಗೆ ಅವನು ಖಾಲಿ ಮಾಡಿದ. ಅಕ್ಕನ ಮನೆಯ ಹೊಸಿಲು ತುಳಿಯುವುದನ್ನೂ ಬಿಟ್ಟ. ಆ ವೇಳೆಗೆ ಔಷಧಿ ಅಂಗಡಿಯವನು ಬೇರೆ ಮಳಿಗೆ ಹಿಡಿದಾಗಿತ್ತು. ಗೋಡೆಯೆಲ್ಲ ನೀರಿನ ಕಲೆ, ನೆಲದ ತುಂಬ ಪಾಚಿ. ಸುಣ್ಣಬಣ್ಣಕ್ಕೆ ಉಳಿದ ಗಂಟಿನಲ್ಲೂ ಒಂದಿಷ್ಟು ಹೋಯಿತು. ಕೊನೆಗೆ ಚಪ್ಪಲಿ ವ್ಯಾಪಾರಿಯೊಬ್ಬ ಬಂದ, ಚೌಕಾಸಿ ಮಾಡಿ ಬಾಡಿಗೆ ಇಳಿಸಿದ. ಮಳಿಗೆ ಕೊಂಡಾಗ ಆ ಹಣದಲ್ಲಿ ಇಡೀ ಸಂಸಾರ ನಡೆಯುತ್ತಿತ್ತು. ಈಗ ಅದು ದಿನಸಿಗೂ ಮಂಡಿಯ ಮಾತ್ರೆಗೂ ಸರಿಹೋಗುತ್ತದೆ.

ಅದನ್ನಾದರೂ ಲಿಫ್ಟಣ್ಣ ನುಂಗಿಕೊಳ್ಳುತ್ತಿದ್ದನೇನೋ. ಒಂದು ದಿನ ಚಪ್ಪಲಿ ವ್ಯಾಪಾರಿಯೇ ಬಾಡಿಗೆ ಕೊಡುತ್ತ ಹೇಳಿದ: "ನಿಮ್ಮ ಬಾಮೈದ ನಮ್ಮಣ್ಣನ ಮಳಿಗೇಲೇ ಇರೋದು. ಬಹಳ ನಿಯತ್ತಿನ ಮನುಷ್ಯ ಸ್ವಾಮಿ. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕೇ."

ಲಿಫ್ಟಣ್ಣ ಮನೆಗೆ ಬಂದು ಕೂಗಾಡಿದ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ಕಂಡೋರಿಗೆ ತಾರೀಕು ತಪ್ಪದೆ ಕೊಡ್ತಾನಂತೆ! ನಾನೇನು ಪಾಪ ಮಾಡಿದ್ದೆ?"

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ಅವರು ಕೇಳ್ತಾರೆ, ಕೊಡ್ತಾನೆ. ನೀವು ಒಂದು ದಿನ ಅವನ ಮುಖ ನೋಡಿ ಕೇಳಿದ್ರಾ? ಅಲ್ಲಿ ಟೀ ಕುಡಿದು ಬಂದು ಇಲ್ಲಿ ನನ್ನನ್ನ ಬೈದ್ರಿ."

"ನಿನ್ನ ತಮ್ಮ ಅಂತ ಸುಮ್ಮನಿದ್ದೆ ಕಣೇ!"

"ಆ ಬಾಡಿಗೆ ನಿಮ್ಮ ಮುಪ್ಪಿನ ಅನ್ನ ಅಂತ ನೆನಪಿರಲಿಲ್ವಾ? ನನ್ನದೂ ಹೌದಲ್ಲ ಅದು." ಅವಳು ಒಂದು ದಂಟನ್ನು ಲಟಕ್ಕನೆ ಮುರಿದಳು. "ಈಗ ತಮ್ಮನೂ ಇಲ್ಲ, ದುಡ್ಡೂ ಇಲ್ಲ ನನಗೆ."

ಲಿಫ್ಟಣ್ಣ ಕಿಟಕಿಯವರೆಗೆ ಹೋಗಿ, ತಿರುಗಿ ಬಂದು ಅವಳೆದುರು ಕೂತು ತಾನೂ ಸೊಪ್ಪು ಬಿಡಿಸತೊಡಗಿದ. ದಂಟನ್ನೂ ಎಲೆಯನ್ನೂ ಒಂದೇ ಕಡೆ ಹಾಕುತ್ತಿದ್ದ. ಅವಳು ಎರಡನ್ನೂ ಬೇರೆ ಮಾಡಿದಳು.

ಈಗಲೂ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುತ್ತಾನೆ. ಇನ್ನೆಷ್ಟು ದಿನ ಎಂದು ಯಾರಾದರೂ ಅನುಕಂಪದಿಂದ ಕೇಳಿದರೆ ರೇಗುತ್ತಾನೆ: "ಹೊಟ್ಟೆ ರಿಟೈರ್ ಆದ ದಿನ ಬಿಡ್ತೀನಿ!"