ಆಯಿಯ ಖಡಕ್ ರೊಟ್ಟಿ, ಅವ್ವನ ಬಿಸ್ಕೀಟು

ನಾಲ್ಕು ಹರದಾರಿ ನಡೆದರೆ ಬೇರೆ ರಾಜ್ಯವೇ ಸಿಗುತ್ತಿದ್ದ ದಿನಗಳ ಮಾತು ಇದು. ಯಲಬುರ್ಗಾ ಕಡೆಯ ನಮ್ಮ ಹಳ್ಳಿ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ಗಜೇಂದ್ರಗಡದ ಕಡೆ ಗಡಿ ದಾಟಿದರೆ ಅಲ್ಲಿ ಸ್ವಾತಂತ್ರ್ಯ ಬಂದು ವರ್ಷ ತುಂಬುತ್ತ ಬಂದಿತ್ತು. ನಮ್ಮೂರಿನ ಚಾವಡಿಯಲ್ಲಿ ಮಾತ್ರ ನಿಜಾಮರ ಪರ ಬಂದೂಕು ಹಿಡಿದವರು ಕೂತಿದ್ದರು. ನನಗೆ ಆಗ ಒಂಬತ್ತು ವರ್ಷ.

ಅಪ್ಪ ಯುಗಾದಿ ಮುಗಿದ ಮೇಲೆ ನಿಜಾಮರ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಿದ್ದ. ಅಂದಿನಿಂದ ನಮ್ಮ ಮನೆಯ ಮೇಲೆ ಚಾವಡಿಯವರ ಕಣ್ಣು. ಮನೆಯಲ್ಲಿ ಉಳಿದವರು ಅಪ್ಪನ ತಾಯಿ ಆಯಿ, ಅವ್ವ, ನಾನು ಮತ್ತು ಒಂದೂವರೆ ವರ್ಷದ ತಮ್ಮ ಬಸು. ಕಾರಹುಣ್ಣಿಮೆಗೆ ಇನ್ನೂ ಹತ್ತು ದಿನವಿರುವಾಗ ಅಪ್ಪನಿಂದ ಸುದ್ದಿ ಬಂತು. ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ಸಂಗಣ್ಣಮಾವನ ಬಂಡಿ ಹೊಲಕ್ಕೆ ಹೊರಡುವಂತೆ ಹೊರಡುತ್ತದೆ, ಅದರಲ್ಲಿ ಎಲ್ಲರೂ ಬಂದುಬಿಡಿ. ಶಿಬಿರದಲ್ಲಿ ಕಾಳಿಗೆ ಕೊರತೆ ಇದೆ, ಹದಿನೈದು ದಿನದ ಬುತ್ತಿ ತನ್ನಿರಿ.

ಆಯಿ ಅಂದೇ ಒಲೆಯ ಮುಂದೆ ಕೂತಳು. ಜೋಳದ ಹಿಟ್ಟು, ಸಜ್ಜೆಯ ಹಿಟ್ಟು, ಮೇಲೆ ಎಳ್ಳು. ಅವಳ ಅಂಗೈ ಕೆಳಗೆ ರೊಟ್ಟಿ ತಿರುಗುತ್ತ ತಿರುಗುತ್ತ ಎಲೆಯಷ್ಟು ತೆಳ್ಳಗಾಗುತ್ತಿತ್ತು. ಹಂಚಿನ ಮೇಲೆ ಬೆಂದ ಮೇಲೆ ಕೆಂಡದ ಮಗ್ಗುಲಲ್ಲಿ ನಿಲ್ಲಿಸಿ, ಖಡಕ್ ಆಗುವವರೆಗೆ ಒಣಗಿಸಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸುತ್ತಿದ್ದಳು. ಮುರಿದರೆ ಚಟ್ ಎನ್ನಬೇಕು. ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿಂದರೆ ನನಗೆ ಬೇರೆ ಯಾವ ಊಟವೂ ಬೇಡವಾಗಿತ್ತು.

ಆದರೆ ಬಸುವಿಗೆ ಆಗಷ್ಟೇ ಹೊಟ್ಟೆ ಕೆಟ್ಟು ನೆಟ್ಟಗಾಗಿತ್ತು. ಕೈಗೆತ್ತಿಕೊಂಡರೆ ಎಲುಬು ಸಿಗುತ್ತಿದ್ದವು. ಅವನ ಚಿಂತೆಯೇ ಅವ್ವನನ್ನು ತಿನ್ನುತ್ತಿತ್ತು. ಅವಳ ತವರು ಹುಬ್ಬಳ್ಳಿ. ಅಲ್ಲಿ ನೆರೆಮನೆಯವರಿಂದ ಬಿಸ್ಕೀಟು ಸುಡುವುದನ್ನು ಕಲಿತಿದ್ದಳು. ನಮ್ಮ ಮನೆಗೆ ಬಂದು ಹತ್ತು ವರ್ಷವಾದರೂ ಒಮ್ಮೆಯೂ ಅದಕ್ಕೆ ಕೈ ಹಾಕಿರಲಿಲ್ಲ, ಆಯಿ ಬಿಟ್ಟಿರಲಿಲ್ಲ.

"ಅತ್ತೀ, ಕೂಸು ಈ ರೊಟ್ಟಿ ಹ್ಯಾಂಗ ತಿಂತೈತ್ರಿ? ನಾಕ ಹಲ್ಲು ಅದಾವ. ಒಂದೀಟು ಗೋದಿಹಿಟ್ಟಿನ ಬಿಸ್ಕೀಟು ಸುಡ್ತೀನ್ರಿ. ನೀರಾಗ ಅದ್ದಿದ್ರ ಕರಗತಾವು."

"ನಿನ್ನ ಗಂಡ ಏನ್ ತಿಂದು ಬೆಳದಾನ? ಇದನ್ನ ನೆನಸಿ ತಿನಸೀನಿ ನಾ."

"ನಿನ್ನಿ ನೆನಸಿ ಕೊಟ್ಟೇನ್ರಿ. ಎಲ್ಲಾ ಕಾರಿಕೊಂಡ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ದನಿ ತಗ್ಗಿಸಿದಳು. "ಗಿರಿಜಾ, ರೊಟ್ಟಿ ವಾಸನಿ ಎಲ್ಲಾರ ಮನ್ಯಾಗೂ ಇರತೈತಿ, ಯಾರೂ ಕೇಳಂಗಿಲ್ಲ. ತುಪ್ಪಾ ಬೆಲ್ಲಾ ಸುಟ್ಟ ವಾಸನಿ ಓಣಿ ತುಂಬತೈತಿ. ಏನ್ ನಡಸೀರಿ ಅಂತ ಚಾವಡಿ ಮಂದಿ ಬಂದ್ರ ಏನ್ ಹೇಳ್ತಿ?"

ಆದರೂ ಅವ್ವ ಎರಡು ದಿನ ಅದನ್ನೇ ಕೇಳಿದಳು. ಭಾನುವಾರ ಬೆಳಿಗ್ಗೆ ಬಸು ಅಂಬಲಿಯನ್ನೂ ಉಗುಳಿದಾಗ ಆಯಿ ಮುಖ ತಿರುಗಿಸಿ ಹೇಳಿದಳು. "ಮಾಡ್ಕೋ ನಿನ್ನ ಬಿಸ್ಕೀಟಾ. ಬಾಗಲಾ ಮಾತ್ರ ಹಾಕಬ್ಯಾಡ, ಹಗಲೊತ್ತು ಹಾಕಿದ್ರ ಇನ್ನೂ ಅನುಮಾನ. ನೀಲಾ, ನೀ ಕಟ್ಟಿ ಮ್ಯಾಲ ಕುಂತು ಆಣೀಕಲ್ಲು ಆಡು. ಚಾವಡಿ ಕಡಿಂದ ಯಾರರ ಬಂದ್ರ ಒದರು. ಎದ್ದು ಹೋಗಬ್ಯಾಡ."

ನಾನು ಕಟ್ಟೆಯ ಮೇಲೆ ಕೂತೆ. ಐದು ಕಲ್ಲುಗಳನ್ನು ಮೇಲೆ ಹಾರಿಸುವುದು, ಹಿಡಿಯುವುದು, ಚಾವಡಿಯ ದಾರಿ ನೋಡುವುದು. ಒಳಗೆ ಅವ್ವ ಬೋಗುಣಿಯ ತಳಕ್ಕೆ ಮರಳು ಹಾಕಿ, ಅದರ ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಹಬ್ಬವೇ ಆಗಿರಲಿಲ್ಲ. ಕಾಸಿದ ತುಪ್ಪ, ಕರಗಿದ ಬೆಲ್ಲ, ಕೆಂಪಗಾಗುತ್ತಿದ್ದ ಗೋಧಿ. ಬಾಯಲ್ಲಿ ನೀರು ತುಂಬಿಕೊಂಡಿತು. ದಾರಿ ಬರಿದಾಗಿತ್ತು. ಒಂದು ಕ್ಷಣ ನೋಡಿ ಬಂದರಾಯಿತು ಎಂದು ಒಳಗೆ ಓಡಿದೆ.

ಅವ್ವ ಮುಚ್ಚಳ ತೆಗೆದಿದ್ದಳು. ಇಪ್ಪತ್ತೋ ಇಪ್ಪತ್ತೈದೋ ಬಿಸ್ಕೀಟು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಒಂದನ್ನು ಮುರಿದು ನೀರಲ್ಲಿ ಅದ್ದಿ ಬಸುವಿನ ಬಾಯಿಗಿಟ್ಟಳು. ಅವನು ಚಪ್ಪರಿಸಿ ಮತ್ತೆ ಬಾಯಿ ತೆರೆದ. ನಾನು ನಿಂತೇ ಬಿಟ್ಟೆ.

"ಏನಬೇ ಆಯಿ, ಓಣಿ ತುಂಬ ಘಮಾ ಘಮಾ ಅನ್ನಾಕ ಹತ್ತೈತಿ?"

ಪಡಸಾಲೆಯಲ್ಲಿ ಚಾವಡಿಯ ಜಮಾದಾರ ನಿಂತಿದ್ದ. ಹೆಗಲಲ್ಲಿ ಬಂದೂಕು. ನನ್ನ ಕೈಯಲ್ಲಿ ಇನ್ನೂ ಆಣೆಕಲ್ಲುಗಳಿದ್ದವು. ಆಯಿ ಅವುಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಜಮಾದಾರನ ಕಡೆ ತಿರುಗಿದಳು.

"ಏನ್ ಹೇಳ್ಳೋ ತಮ್ಮಾ! ಮೊಮ್ಮಗನ ಕೂದಲಾ ತೆಗಸಾಕ ಜವಳ ಇಟಗೊಂಡೀವಿ. ಹೋಳಿಗಿ ಮಾಡ ಅಂದ್ರ ನಮ್ಮ ಹುಬ್ಬಳ್ಳಿ ಸೊಸಿ ಬಿಸ್ಕೀಟ ಸುಡಾಕ ಕುಂತಾಳ. ತುಪ್ಪ ಹಾಳು, ಕೆಂಡ ಹಾಳು. ಹತ್ತ ವರ್ಸಾತು, ನಮ್ಮ ಮನಿ ಅಡಿಗಿ ಇಕೀಗೆ ಸೇರವಲ್ತು. ಹಿರೇರು ಮಾಡಿಕೊಂತ ಬಂದದ್ದು ಬ್ಯಾಡ, ಊರೆಲ್ಲಾ ಮೂಸಿ ನೋಡೂವಂಥಾದ್ದು ಬೇಕು!"

ನಾಟಕ ಆಡಲು ಆಯಿಗೆ ಬರುತ್ತಿರಲಿಲ್ಲ. ಎರಡು ದಿನದಿಂದ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ ಸಿಟ್ಟನ್ನೇ ಸುರಿಯುತ್ತಿದ್ದಳು. ಅವ್ವನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಅತ್ತೆ ಸೊಸೆಯ ಜಗಳ ಕಂಡು ಜಮಾದಾರ ನಕ್ಕ. ಆಮೇಲೆ ಅವನ ಕಣ್ಣು ರೊಟ್ಟಿಯ ಬುಟ್ಟಿಗಳ ಮೇಲೆ ಬಿತ್ತು.

"ಇಷ್ಟೊಂದು ರೊಟ್ಟಿ?"

"ಜವಳಕ್ಕ ಮಂದಿ ಬರಂಗಿಲ್ಲೇನು?"

"ಯಾವತ್ತೈತಿ ಜವಳ?"

"ಬುಧವಾರ."

"ಹಂಗಾರ ನಿನ್ನ ಮಗಾನೂ ಬರತಾನನ್ನು."

ಆಯಿ ಒಲೆಗೆ ಕಟ್ಟಿಗೆ ದೂಡಿದಳು. ಅದು ಸಿಡಿದ ಸಪ್ಪಳ ನನಗೆ ಇನ್ನೂ ನೆನಪಿದೆ. "ಹೆತ್ತ ಮಗನ ಜವಳಕ್ಕ ಅಪ್ಪ ಬರಲಾರದ ಇರತಾನೇನು?" ಎಂದಳು.

ಜಮಾದಾರನಿಗೆ ಬೇಕಾದದ್ದು ಸಿಕ್ಕಿತ್ತು. ಒಂದು ಬಿಸ್ಕೀಟು ತಿಂದು ನೋಡಿ, ಉಳಿದವುಗಳಲ್ಲಿ ಬಹುಪಾಲನ್ನು ರುಮಾಲಿಗೆ ಸುರಿದುಕೊಂಡು ಹೋದ. ತಾಟಿನಲ್ಲಿ ಮೂರೋ ನಾಲ್ಕೋ ಉಳಿದವು.

"ಬುಧವಾರದ ತನಕ ನಮ್ಮನ್ನ ಮುಟ್ಟಂಗಿಲ್ಲ, ನನ್ನ ಮಗನ ದಾರಿ ಕಾಯ್ತಾರ. ನೀವು ಮಂಗಳವಾರ ಹೋಗ್ರಿ," ಎಂದಳು ಆಯಿ.

"ನೀವು ಅಂದ್ರ? ನೀವು ಬರಂಗಿಲ್ಲೇನ್ರಿ?"

"ಒಲಿ ಆರಿದ ಮನಿ ಎಲ್ಲಾರ ಕಣ್ಣಿಗೂ ಬೀಳತೈತಿ ಗಿರಿಜಾ. ಹೊಗಿ ಕಾಣಬೇಕು, ರೊಟ್ಟಿ ಸಪ್ಪಳ ಕೇಳಬೇಕು. ನಾ ಬಂದ್ರ ನೀವು ಊರ ಹೊರಗ ಮುಟ್ಟೂದ್ರಾಗ ಸುದ್ದಿ ಆಗತೈತಿ."

ಅವ್ವ ಕಾಲು ಹಿಡಿದು ಅತ್ತಳು. ಆಯಿ ಮಾತು ಬದಲಿಸಲಿಲ್ಲ.

ಮಂಗಳವಾರ ಬಿಸಿಲು ನೆತ್ತಿಗೇರಿತ್ತು. ಬಿತ್ತನೆಯ ಬೀಜದ ಚೀಲಗಳಲ್ಲಿ ಆಯಿಯ ರೊಟ್ಟಿ ತುಂಬಿ ಬಂಡಿಗೆ ಹಾಕಿದ್ದರು. ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಅದೇ ಜಮಾದಾರ ಬಂಡಿ ತಡೆದ.

"ಎಲ್ಲಿಗೆ?"

"ಬಿತ್ತಾಕ್ರಿ. ಹೊಲದಾಗ ಆಳು ಸಾಲವಲ್ವು, ಇವರನ್ನ ಕರಕೊಂಡೀನ್ರಿ," ಎಂದ ಸಂಗಣ್ಣಮಾವ.

"ಮುದುಕಿ ಎಲ್ಲಿ?"

ಅವ್ವ ಬಸುವಿನ ತಲೆಯ ಮೇಲೆ ಸೆರಗು ಎಳೆದಳು. ಜಮಾದಾರನ ಕೈ ಒಂದು ಚೀಲದ ಮೇಲಿತ್ತು. ಒತ್ತಿದ್ದರೆ ರೊಟ್ಟಿ ಚಟ್ ಎನ್ನುತ್ತಿತ್ತು. ನಾನು ಹೇಳಿದೆ, "ಮನ್ಯಾಗ ರೊಟ್ಟಿ ಬಡಿಯಾಕ ಹತ್ಯಾಳ್ರಿ."

ಅವನು ಕಿವಿಗೊಟ್ಟ. ಅಗಸಿಯಿಂದ ನಾಲ್ಕನೆಯ ಮನೆ ನಮ್ಮದು. ಟಪ ಟಪ ಟಪ ಎಂದು ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಆಯಿಯ ಕೈಸಪ್ಪಳ ಕೇಳುತ್ತಿತ್ತು, ಎಂದಿಗಿಂತ ತುಸು ಜೋರಾಗಿ. ಅವನು ಕೈ ತೆಗೆದ. ಬಂಡಿ ಹೊರಟಿತು. ತಿರುಗಿ ನೋಡಬೇಡ ಎಂದು ಅವ್ವ ನನ್ನ ತಲೆಯನ್ನು ಮಡಿಲಿಗೆ ಒತ್ತಿಕೊಂಡಳು.

ಬಿಸ್ಕೀಟುಗಳು ಮಂಗಳವಾರವೇ ಮುಗಿದವು. ಸಂಜೆ ಬಸು ಅಳತೊಡಗಿದಾಗ ಅವ್ವ ಖಡಕ್ ರೊಟ್ಟಿಯನ್ನು ತಾನೇ ನುಣ್ಣಗೆ ಅಗಿದು ಅವನ ಬಾಯಿಗಿಟ್ಟಳು. ಅವನು ನುಂಗಿದ. ಗಡಿಯಾಚೆ ಅಪ್ಪ ಸಿಕ್ಕಿದ. ಶಿಬಿರದಲ್ಲಿ ಇಪ್ಪತ್ತು ದಿನ ಆಯಿಯ ರೊಟ್ಟಿಯೇ ನಮ್ಮನ್ನು ಸಾಕಿತು. ಕೊನೆಯ ರೊಟ್ಟಿಯೂ ಮುರಿದರೆ ಚಟ್ ಎಂದಿತು.

ಮಹಾನವಮಿ ಮುಗಿದ ಮೇಲೆ ಊರಿಗೆ ಮರಳಿದೆವು. ನಿಜಾಮರ ಆಳ್ವಿಕೆ ಮುಗಿದು ಚಾವಡಿ ಖಾಲಿಯಾಗಿತ್ತು. ಆಯಿ ಬದುಕಿದ್ದಳು. ಆದರೆ ಬಲಗೈಯ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. "ಹಿತ್ತಲದಾಗ ಜಾರಿ ಬಿದ್ದಿನಿ," ಎಂದಳು. ಬುಧವಾರ ಸಂಜೆ ಅವಳನ್ನು ಚಾವಡಿಗೆ ಕರೆದೊಯ್ದಿದ್ದರು ಎಂದಷ್ಟೇ ಓಣಿಯವರು ಹೇಳಿದರು.

ಆಮೇಲೆ ಆಯಿ ರೊಟ್ಟಿ ಬಡಿಯಲಿಲ್ಲ. ಅವ್ವ ಬಡಿದಳು, ಮುಂದೆ ನಾನೂ ಬಡಿದೆ. ಅಷ್ಟು ತೆಳ್ಳಗೆ ಯಾರ ಕೈಯಲ್ಲೂ ಬರಲಿಲ್ಲ. ಈಗ ಪೇಟೆಯಲ್ಲಿ ಖಡಕ್ ರೊಟ್ಟಿಯನ್ನು ಕಟ್ಟು ಕಟ್ಟಿ ಮಾರುತ್ತಾರೆ. ಬಗೆಬಗೆಯ ಬಿಸ್ಕೀಟುಗಳಿಗೂ ಬರವಿಲ್ಲ. ಯಾವ ಅಡುಗೆಯ ವಾಸನೆಗೂ ಯಾರೂ ಹೆದರಬೇಕಿಲ್ಲ.

ಆ ಬುಧವಾರ ಚಾವಡಿಯಲ್ಲಿ ಏನಾಯಿತೆಂದು ಆಯಿಯನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ, ಕಟ್ಟೆ ಬಿಟ್ಟು ಒಳಗೇಕೆ ಬಂದೆ ಎಂದು ಅವಳು ತಿರುಗಿ ಕೇಳಿಯಾಳೆಂಬ ಹೆದರಿಕೆ. ಎಂಟು ವರ್ಷ ಒಂದೇ ಸೂರಿನಡಿ ಇದ್ದೆವು. ಅವಳೂ ಅದನ್ನು ಕೇಳದೆಯೇ ತೀರಿಹೋದಳು.