ಬಡಗಿ ಎರ್ಮಿನಿಯೊ ಓದಲು ಕಲಿತದ್ದು

ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಲೈಬ್ರರಿಗೆ ಎರ್ಮಿನಿಯೊ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದರು. ಎಪ್ಪತ್ತೊಂಬತ್ತು ದಾಟಿದ ಬಡಗಿ. ಹದಿನೇಳಕ್ಕೆ ಇಟಲಿಯ ಬೆಟ್ಟದೂರು ಬಿಟ್ಟು ಬಂದು, ಸುತ್ತಲಿನ ಹೌನ್ಸ್ಲೋ ಪ್ರದೇಶದ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದವರು. ಹೆಂಡತಿ ನೋರ್ಮಾ ತೀರಿಹೋದ ಮೇಲೆ ಈ ರೂಢಿ. ಕೌಂಟರಿನಲ್ಲಿದ್ದ ಚನ್ನಬಸವ್ವನ ಮುಂದೆ ಟೋಪಿ ತೆಗೆದು, "ನಮ್ಮವರದೊಂದು ಕೊಡಿ" ಎನ್ನುತ್ತಿದ್ದರು. ನಮ್ಮವರು ಅಂದರೆ ಇಟಲಿಯ ದೊಡ್ಡವರು. ಗೆಲಿಲಿಯೊ, ಮಾರ್ಕೊನಿ, ವರ್ಡಿ ಎಲ್ಲರೂ ಹಾಗೆ ಅವರ ಕೈಚೀಲದಲ್ಲಿ ಹೋಗಿ ಬಂದಿದ್ದರು.

ಒಂದು ಗುರುವಾರ ಅವರು ವೋಲ್ಟಾನ ಜೀವನಚರಿತ್ರೆ ಹಿಂದಿರುಗಿಸಿದರು. "ಬ್ಯಾಟರಿ ಕಂಡುಹಿಡಿದವನು! ಓದಿ ಖುಷಿಯಾಯಿತು."

ಚನ್ನಬಸವ್ವ ಪುಸ್ತಕ ತೆರೆದು ನೋಡಿದಳು. ಹೊದಿಕೆ ಮಾತ್ರ ವೋಲ್ಟಾನದು. ಒಳಗಿದ್ದದ್ದು, ಸ್ಕಾಟ್ಲೆಂಡಿನಲ್ಲಿ ಯಾರೋ ವಿಧವೆಯ ಕೊಲೆಯಾದ ಪತ್ತೇದಾರಿ ಕಾದಂಬರಿ. ಹೊದಿಕೆ ಹಾಕುವಾಗ ಕೈತಪ್ಪಿ ಅದಲುಬದಲು ಮಾಡಿದವಳು ಅವಳೇ.

ಮನೆಗೆ ಬಂದವಳೇ ಗಂಡ ನಿಜಲಿಂಗಪ್ಪನಿಗೆ ಹೇಳಿದಳು. "ಪಾಪ, ಅವರಿಗೆ ಓದಾಕ ಬರೂದಿಲ್ರೀ."

"ಕೇಳಿಬಿಡು ಮತ್ತ."

"ಹೆಂಗ ಕೇಳಲಿ? ಇಷ್ಟ ವರ್ಷ ಮುಚ್ಚಿಟ್ಟಾರ. ಮರ್ಯಾದಿ ಹೋಗತೈತಿ."

ಮುಂದಿನ ವಾರ ಅವಳೇ ಒಂದು ಉಪಾಯ ಹೂಡಿದಳು. "ನನ್ನ ಇಂಗ್ಲಿಷ್ ಕೇಳಿ ಮಗಳು ನಗುತ್ತಾಳೆ. ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಬೇಕು. ಊಟದ ಹೊತ್ತಿನಲ್ಲಿ ಕೂತು ಕೇಳುತ್ತೀರಾ?"

ಅವರು ಅವಳ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ, ಕುರ್ಚಿ ಎಳೆದುಕೊಂಡರು.

ಆ ಚಳಿಗಾಲದಲ್ಲಿ ಓದಿದ್ದು ಮರಿಯಾ ಮಾಂಟೆಸ್ಸೊರಿಯ ಬದುಕು. ರೋಮಿನ ಬಡವರ ಕೇರಿಯಲ್ಲಿ ಆ ಡಾಕ್ಟರಮ್ಮ ಮಕ್ಕಳ ಶಾಲೆ ನಡೆಸಿದ್ದು, ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳ ಬೆರಳಿಗೆ ಕಲಿಸಿದ್ದು.

"ಇನ್ನೊಮ್ಮೆ ಓದಿ," ಎಂದರು ಎರ್ಮಿನಿಯೊ.

ಓದಿದಳು.

"ಉಪ್ಪುಕಾಗದವೇ? ಮರ ಉಜ್ಜುವಂಥದು?"

"ಹೌದು."

"ಎಷ್ಟನೇ ನಂಬರು?"

"ಅದು ಇಲ್ಲಿ ಬರೆದಿಲ್ಲ."

"ನೂರಿಪ್ಪತ್ತು ಇರಬೇಕು. ಅದಕ್ಕಿಂತ ಒರಟಾದರೆ ಬೆರಳು ಉರಿಯುತ್ತದೆ." ಟೋಪಿಯ ಅಂಚು ತಿರುಗಿಸುತ್ತ ಮೆಲ್ಲಗೆ ಹೇಳಿದರು. "ನಾನು ಶಾಲೆಗೆ ಹೋದದ್ದು ಎರಡೇ ಚಳಿಗಾಲ. ಆಮೇಲೆ ಕುರಿ. ಇಲ್ಲಿ ಎಲ್ಲವನ್ನೂ ನೋರ್ಮಾ ಓದುತ್ತಿದ್ದಳು, ಕೌನ್ಸಿಲ್ ಪತ್ರ, ಔಷಧಿ ಚೀಟಿ, ರಾತ್ರಿ ಮಲಗುವ ಮುಂಚೆ ನಮ್ಮವರ ಕಥೆ. ಈಗ ಪುಟ ತಿರುಗಿಸುತ್ತೇನೆ. ಅವಳ ದನಿ ನೆನಪಿಗೆ ಬರುತ್ತದೆ."

ಚನ್ನಬಸವ್ವ ತನ್ನ ಡಬ್ಬಿಯಿಂದ ಅರ್ಧ ಜೋಳದ ರೊಟ್ಟಿ ಮುರಿದು ಅವರ ಮುಂದಿಟ್ಟಳು.

ಮರುವಾರ ಅವರು ಮರದ ಪೆಟ್ಟಿಗೆ ಹೊತ್ತು ಬಂದರು. ಒಳಗೆ ಇಪ್ಪತ್ತಾರು ಹಲಗೆ, ಒಂದೊಂದರ ಮೇಲೂ ಒಂದು ಉಪ್ಪುಕಾಗದದ ಅಕ್ಷರ. ಮೊಮ್ಮಗಳ ಶಾಲೆಯ ಪುಸ್ತಕ ನೋಡಿ ಆಕಾರ ಕತ್ತರಿಸಿದ್ದರಂತೆ. "ಇದರ ಹೆಸರೇನು? ಇದರದು?" ಎಂದು ಒಂದೊಂದನ್ನೂ ತಡವಿ ಕೇಳಿದರು.

ಸುಲಭವಾಗಲಿಲ್ಲ. ಒಂದಕ್ಕೊಂದು ಕನ್ನಡಿಯ ಬಿಂಬದಂತಿದ್ದ ಬಿ ಮತ್ತು ಡಿ ಅವರಿಗೆ ಅಳು ಬರುವಷ್ಟು ಕಾಡಿದವು. ಫೆಬ್ರವರಿಯಲ್ಲಿ ಎರಡು ಗುರುವಾರ ಬರಲೇ ಇಲ್ಲ. ಕೆಲಸ ಮುಗಿಸಿ ಚನ್ನಬಸವ್ವ ಅವರ ಫ್ಲ್ಯಾಟಿಗೆ ಹೋದಳು. ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತವಳಿಗೆ ಬಾಗಿಲು ತೆರೆದು ಮುದುಕ ಮುಖ ಗಂಟಿಕ್ಕಿದರು.

"ಬಿಟ್ಟುಬಿಡಿ. ನನ್ನದು ಮರದ ತಲೆ."

"ಮರವನ್ನು ಹೇಗೆ ತಿದ್ದಬೇಕೆಂದು ನಿಮಗೆ ಗೊತ್ತಲ್ಲ?"

ಅವರಿಗೆ ನಗು ತಡೆಯಲಾಗಲಿಲ್ಲ. ನೀರು ಕೊಟ್ಟು ಕೂರಿಸಿ, ಪೆಟ್ಟಿಗೆ ತೆಗೆದರು.

ಜೂನ್ ಹೊತ್ತಿಗೆ ಬಸ್ಸಿನ ಬೋರ್ಡು ಓದಲು ಬಂತು. ಸೆಪ್ಟೆಂಬರಿನಲ್ಲಿ ಕಣ್ಣಾಸ್ಪತ್ರೆಯ ಪತ್ರವನ್ನು ತಾವೇ ಓದಿಕೊಂಡು, ಹೇಳಿದ ದಿನ, ಹೇಳಿದ ಬಾಗಿಲಿಗೆ ಹೋದರು.

ಎಂಬತ್ತು ತುಂಬಿದ ವಾರ ಅವರು ಗೆಲಿಲಿಯೊನ ಪುಸ್ತಕವನ್ನು ಮತ್ತೆ ಕೇಳಿ ಪಡೆದು, ಮೂಲೆಯ ಮೇಜಿಗೆ ಕೂತರು. ಬೆರಳು ಸಾಲಿನ ಮೇಲೆ ನಿಧಾನ ಸರಿಯಿತು. ಒಂದು ಪುಟಕ್ಕೆ ಅರ್ಧ ಗಂಟೆ. ಪಕ್ಕದಲ್ಲಿ ಕೂತಿದ್ದ ಚನ್ನಬಸವ್ವನ ಬಿಡುವು ಮುಗಿದು ಹತ್ತು ನಿಮಿಷವಾಗಿತ್ತು. ಮ್ಯಾನೇಜರು ಎರಡು ಸಲ ಇಣುಕಿ ಹೋದರು. ಅವಳು ಏಳಲಿಲ್ಲ. ತಡವರಿಸಿದ ಕಡೆ ತುಟಿ ಬಿಚ್ಚದೆ ಕಾದಳು.

"ಗೆಲಿಲಿಯೊ ಕಂಡದ್ದು ಗುರುಗ್ರಹದ ನಾಲ್ಕು ಚಂದ್ರ," ಎಂದು ಓದಿ ಮುಗಿಸಿ ಅವರು ತಲೆಯೆತ್ತಿದರು. "ನೋರ್ಮಾ ನಾಲ್ಕು ಅಂತಲೇ ಹೇಳಿದ್ದಳು."