ನಾದಿನಿಯ ಬಲಗೈಗೆ ತಂದ ಆಟ

ಅವಳ ಸುದ್ದಿ ಮೊದಲು ಕಿವಿಗೆ ಬಿದ್ದದ್ದು ನನ್ನ ಮದುವೆ ಗೊತ್ತಾದ ದಿನ. "ಹುಡುಗ ಸಾಧು. ಅವನ ತಂಗಿ ಬಟ್ಟೆ ಹೊಲಿಯೋಳು. ಕತ್ತರಿಗಿಂತ ನಾಲಿಗೆ ಚೂಪಂತೆ, ಹುಷಾರು," ಎಂದಳು ನನ್ನಮ್ಮ. ನಾಲಿಗೆಯ ಮಾತು ನಿಜವೇ ಆಗಿತ್ತು. ಆದರೆ ನನ್ನ ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ನನ್ನನ್ನು ಒಂಟಿಯಾಗಿ ಮಲಗಲು ಬಿಡದವಳೂ ಆ ನಾದಿನಿಯೇ.

ಅವಳು ಮದುವೆಯಾಗಲಿಲ್ಲ. ನಲವತ್ತು ವರ್ಷ ಕಿಟಕಿಯ ಪಕ್ಕ ಕೂತು ಶಾಲೆ ಮಕ್ಕಳ ಅಂಗಿಗಳಿಗೆ ಕಾಲರ್ ಕೂರಿಸಿದಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಷ್ಟು ಹೊತ್ತು ಮಾತ್ರ ಮನೆಗೆ ನೆಮ್ಮದಿ.

ಒಂದು ಬೆಳಿಗ್ಗೆ ಅವಳ ಕೈಯಿಂದ ಕತ್ತರಿ ಜಾರಿತು. ಲಕ್ವ. ಕಾಲು ಉಳಿಯಿತು, ಮಾತು ತಿರುಗಿ ಬಂತು, ಬಲಗೈ ಬರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, "ವಿಡಿಯೋ ಗೇಮ್ ಆಡ್ಸಿ. ಬಲಗೈಲೇ ಆಡ್ಬೇಕು. ಬೆರಳು ಪಳಗಿದ್ರೆ ಮತ್ತೆ ಸೂಜಿ ಹಿಡೀಬಹುದು," ಎಂದಳು. ಆ 'ಬಹುದು' ಎಂಬುದನ್ನೇ ನಾವಿಬ್ಬರೂ ಗಟ್ಟಿಯಾಗಿ ಹಿಡಿದುಕೊಂಡೆವು.

ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ತರಲು ಹೋದೆ. ನಾದಿನಿಗೆ ಎಂದಾಗ ಅಂಗಡಿಯವಳು, "ಅವ್ರು ಮುಂಚೆ ಯಾವ ಆಟ ಆಡಿದಾರೆ ಅಜ್ಜಿ?" ಎಂದಳು.

"ನನ್ನನ್ನ ಆಟ ಆಡಿಸಿದಾಳೆ, ಅಷ್ಟೆ."

ಅವಳು ನಕ್ಕು ತೋಟ ಮಾಡುವ ಆಟವೊಂದನ್ನು ತೋರಿಸಿದಳು. "ಹೊಸಬರಿಗೆ ಅವಸರ ಇಲ್ಲದ್ದು ಕೊಡ್ಬೇಕು. ಮೊದಲನೇ ಸಲವೇ ಸೋತ್ರೆ ಮತ್ತೆ ಮುಟ್ಟಲ್ಲ." ನಾನು ಕೇಳಲಿಲ್ಲ. ಜೀವಮಾನವೆಲ್ಲ ಹೊಲಿಗೆ ಮಿಷನ್ ಓಡಿಸಿದವಳಿಗೆ ಕಾರು ಓಡಿಸುವುದೇನು ಮಹಾ ಎಂದು ಕಾರಿನ ಪಂದ್ಯ ತಂದೆ.

ಆಟ ಶುರುವಾದದ್ದೇ ತಡ, ಮೇಜಿನ ಕೆಳಗೆ ಅವಳ ಎರಡೂ ಕಾಲು ತುಳಿಯತೊಡಗಿದವು. ಕಾರು ನಿಂತಲ್ಲೇ ನಿಂತಿತ್ತು.

"ಕಾಲಲ್ಲಲ್ಲ ಕಣೆ, ಬೆರಳಲ್ಲಿ."

"ಬೆರಳು ಮಾತು ಕೇಳೋದಾಗಿದ್ರೆ ಕಾಲಿಗ್ಯಾಕೆ ಹೇಳ್ತಿದ್ದೆ?"

ಹೇಗೋ ಕೈಲಿದ್ದ ಆಟದ ರಿಮೋಟಿನ ಗುಂಡಿ ಒತ್ತಿದಳು. ಕಾರು ಗೋಡೆಗೆ ಬಡಿಯಿತು. ಮತ್ತೆ ಹೊರಟು ಮತ್ತೆ ಬಡಿಯಿತು. ಕೊನೆಯ ಸ್ಥಾನವೆಂದು ಟಿವಿಯಲ್ಲಿ ಬಂತು. ರಿಮೋಟು ಕೆಳಗಿಟ್ಟು ಮಲಗಿದವಳು ಒಂಬತ್ತು ದಿನ ಅದನ್ನು ಮುಟ್ಟಲಿಲ್ಲ. ಆ ಒಂಬತ್ತು ದಿನ ಹಾಳು ಮಾಡಿದವಳು ನಾನು.

ಮತ್ತೆ ಹೋಗಿ ತೋಟದ ಆಟ ತಂದೆ. ಅದರಲ್ಲಿ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಒಂದು ಸಾಲು ಮೂಲಂಗಿಗೆ ಅವಳಿಗೆ ಅರ್ಧ ದಿನ ಬೇಕು. ಸಾಲು ಸೊಟ್ಟಗಾದರೆ ಹೊಲಿಗೆ ಬಿಚ್ಚುವಂತೆ ಎಲ್ಲ ಕಿತ್ತು ಮತ್ತೆ ನೆಡುವಳು. ಎಡಗೈ ಕದ್ದು ಸಹಾಯಕ್ಕೆ ಬಂದರೆ ನಾನು ಬಯ್ಯುತ್ತಿದ್ದೆ. ಭಾನುವಾರಕ್ಕೊಮ್ಮೆ ಬಲಗೈಗೆ ಸೂಜಿ ಕೊಟ್ಟು ನೋಡುವುದು. ಭಾನುವಾರಕ್ಕೊಮ್ಮೆ ಅದು ನೆಲಕ್ಕೆ ಬೀಳುವುದು. ಇಬ್ಬರೂ ಬಗ್ಗಿ ಹುಡುಕುತ್ತಿದ್ದೆವು.

ಹೀಗೆ ಏಳು ತಿಂಗಳು. ಎರಡನೆಯ ಲಕ್ವ ಹೊಡೆದು ಅವಳು ಹೋದದ್ದು ಒಂದು ಸೋಮವಾರ. ಅದರ ಹಿಂದಿನ ದಿನ ಮಧ್ಯಾಹ್ನ ನಾನು ಸೂಜಿ ತಂದಾಗ ಅವಳು ಕೈ ಚಾಚಲಿಲ್ಲ.

"ಡಬ್ಬೀಲಿಡು ಅತ್ತಿಗೆ. ಮಿಷನ್ನು ಯಾರಿಗಾದ್ರೂ ಕೊಟ್ಬಿಡು, ಸುಮ್ನೆ ತುಕ್ಕು ಹಿಡಿಯತ್ತೆ."

ನಾನು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಅವಳು ರಿಮೋಟನ್ನು ತನ್ನ ಎಡಕ್ಕೆ ಎಳೆದುಕೊಂಡಳು.

"ಇವತ್ತು ಎಡಗೈಲಿ ಆಡ್ತೀನಿ. ಬೈಬೇಡ."